ಗಾಜಿನ ಪೆಟ್ಟಿಗೆಯ ಆಚೆ ಈಚೆ: ಗ್ರಂಥಾಲಯ ಪ್ರದರ್ಶನಗಳ ಕುರಿತು ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯಕ್ಕೆ ಸಂಬಂಧಿಸಿದವು. ವಿಶ್ವವಿದ್ಯಾಲಯದ ಗ್ರಂಥಾಲಯಗಳು ತಮ್ಮಲ್ಲಿರುವ ಹಸ್ತಪ್ರತಿ, ಹಳೆಯ ಮುದ್ರಿತ ಪುಸ್ತಕ, ಪತ್ರ, ನಕ್ಷೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾರ್ವಜನಿಕರಿಗೆ ತೋರಿಸುತ್ತವೆ. ಅವುಗಳ ಸುತ್ತ ಉಪನ್ಯಾಸ, ವಾಚನ, ಕಮ್ಮಟಗಳನ್ನೂ ಏರ್ಪಡಿಸುತ್ತವೆ. ನೋಡಲು ಬಂದವರಿಗೆ ಒಂದು ಬಗೆಯ ಸಂದೇಹ, ನಡೆಸುವವರಿಗೆ ಇನ್ನೊಂದು ಬಗೆಯ ತಲೆನೋವು. ಇಬ್ಬರ ಪ್ರಶ್ನೆಗಳನ್ನೂ ಇಲ್ಲಿ ಬೆರೆಸಿ ಕೊಟ್ಟಿದ್ದೇನೆ. ಅಪರೂಪದ ಪುಸ್ತಕಗಳ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾದ್ದರಿಂದ ನನ್ನ ಉತ್ತರಗಳು ಒಂದಿಷ್ಟು ಪುಸ್ತಕದ ಪಕ್ಷ ವಹಿಸಿದರೆ ಓದುಗರು ಕ್ಷಮಿಸಬೇಕು.

ಪ್ರಶ್ನೆ: ಗ್ರಂಥಾಲಯದ ಪ್ರದರ್ಶನ ಕೊಠಡಿಯಲ್ಲಿ ಬೆಳಕು ಇಷ್ಟು ಮಂದವಾಗಿರುವುದೇಕೆ? ನನಗೆ ಅರವತ್ತು ದಾಟಿದೆ. ಅಕ್ಷರಗಳು ಕಾಣಲೇ ಇಲ್ಲ. ಮೂರು ತಿಂಗಳ ನಂತರ ಮತ್ತೆ ಹೋದಾಗ ಅದೇ ಪುಸ್ತಕದ ಬೇರೆ ಪುಟ ತೆರೆದಿತ್ತು. ಒಮ್ಮೆ ತೋರಿಸಲು ತೀರ್ಮಾನಿಸಿದ ಮೇಲೆ ನೆಟ್ಟಗೆ ತೋರಿಸಬಾರದೇ?

ಉತ್ತರ: ತಾವು ಪಟ್ಟ ಕಷ್ಟ ನಿಜವಾದದ್ದು, ಅದರ ಪರಿಹಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾರಣವನ್ನು ಹೇಳಬೇಕು. ಕಾಗದ, ಶಾಯಿ, ಬಣ್ಣಗಳಿಗೆ ಬೆಳಕಿನಿಂದ ಆಗುವ ಹಾನಿಗೆ ಎರಡು ಗುಣಗಳಿವೆ: ಅದು ಕೂಡುತ್ತಾ ಹೋಗುತ್ತದೆ, ಮತ್ತು ಅದನ್ನು ಸರಿಪಡಿಸುವ ಉಪಾಯವಿಲ್ಲ. ಹರಿದ ಹಾಳೆಗೆ ತೆಳುಕಾಗದ ಅಂಟಿಸಬಹುದು, ಬಿಚ್ಚಿಹೋದ ಹೊಲಿಗೆಯನ್ನು ಮತ್ತೆ ಹಾಕಬಹುದು. ಮಾಸಿದ ಬಣ್ಣವನ್ನು ಮಾತ್ರ ಎಷ್ಟು ವರ್ಷ ಕತ್ತಲೆಯಲ್ಲಿಟ್ಟರೂ ಮರಳಿ ಪಡೆಯಲಾಗದು. ಆದ್ದರಿಂದ ಪ್ರತಿಯೊಂದು ಹಾಳೆಗೂ ಬೆಳಕನ್ನು ತಾಳಿಕೊಳ್ಳುವ ಶಕ್ತಿ ಒಂದು ಇಡುಗಂಟಿನಂತೆ ಇದೆ ಎಂದು ನಾವು ಎಣಿಸುತ್ತೇವೆ. ಅದಕ್ಕೆ ಬಡ್ಡಿ ಸೇರುವುದಿಲ್ಲ. ಪ್ರತಿ ಪ್ರದರ್ಶನವೂ ಅದರಿಂದ ತೆಗೆದ ಖರ್ಚು.

ಈ ಖರ್ಚನ್ನು ಲೆಕ್ಕ ಹಾಕಬಹುದು. ವಸ್ತುವಿನ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆದು, ಅದನ್ನು ಗಂಟೆಗಳಿಂದ ಗುಣಿಸಿದರೆ ಲಕ್ಸ್-ಗಂಟೆ ಸಿಗುತ್ತದೆ. 50 ಲಕ್ಸ್ ಬೆಳಕಿನಲ್ಲಿ 10 ಗಂಟೆ ಇಟ್ಟರೂ 100 ಲಕ್ಸ್ ಬೆಳಕಿನಲ್ಲಿ 5 ಗಂಟೆ ಇಟ್ಟರೂ ಹಾನಿ ಹೆಚ್ಚುಕಡಿಮೆ ಒಂದೇ. ಬೆಳಕಿನ ವಿಷಯವನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗವಾದ ಸಿಐಇ 2004ರಲ್ಲಿ ಕೊಟ್ಟ ಸಲಹೆಯಂತೆ ಹಸ್ತಪ್ರತಿ, ಜಲವರ್ಣ, ಮುದ್ರಿತ ಚಿತ್ರ ಮುಂತಾದವುಗಳ ಮೇಲಿನ ಬೆಳಕು 50 ಲಕ್ಸ್ ಮೀರಬಾರದು, ವರ್ಷದ ಒಟ್ಟು ಮೊತ್ತ 1,50,000 ಲಕ್ಸ್-ಗಂಟೆ ದಾಟಬಾರದು. ಬೇಗ ಮಾಸುವ ಬಣ್ಣಗಳಿಗೆ ಮತ್ತು ವೃತ್ತಪತ್ರಿಕೆಗೆ ಅದೇ 50 ಲಕ್ಸ್‌ನಲ್ಲಿ ವರ್ಷಕ್ಕೆ ಬರೀ 15,000 ಲಕ್ಸ್-ಗಂಟೆ. ಅಂದರೆ ದಿನಕ್ಕೆ 8 ಗಂಟೆ ದೀಪ ಉರಿಸಿದರೆ 38ನೆಯ ದಿನ ಆ ವರ್ಷದ ಪಾಲು ಮುಗಿದುಹೋಗುತ್ತದೆ. ಮುನ್ನೂರು ವರ್ಷದ ಹಸ್ತಪ್ರತಿಗಿಂತ ಎಪ್ಪತ್ತು ವರ್ಷದ ಪತ್ರಿಕೆಯ ಹಾಳೆ ಹೆಚ್ಚು ನಾಜೂಕು ಎಂದರೆ ಎಷ್ಟೋ ಜನ ನಂಬುವುದಿಲ್ಲ. ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಕಾಗದದಲ್ಲಿ, ಮರದ ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಬೆಳಕು ಬಿದ್ದಂತೆ ಹಳದಿಯಾಗಿ ಪುಡಿಪುಡಿಯಾಗುವುದು ಅದರಿಂದಲೇ.

ಕಿಟಕಿಯ ಪಕ್ಕದ ಪೆಟ್ಟಿಗೆಯನ್ನು ಕಂಡರೆ ನಮಗೇಕೆ ದಿಗಿಲಾಗುತ್ತದೆ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. 50 ಲಕ್ಸ್‌ನಲ್ಲಿ, ದಿನಕ್ಕೆ 8 ಗಂಟೆಯಂತೆ, 90 ದಿನ ನಡೆದ ಪ್ರದರ್ಶನದ ಮೊತ್ತ 36,000 ಲಕ್ಸ್-ಗಂಟೆ. ನಡುಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮೂರು ತಿಂಗಳ ಖರ್ಚನ್ನು ಬಿಸಿಲು ಇಪ್ಪತ್ತೆರಡು ನಿಮಿಷದಲ್ಲಿ ಮಾಡಿಬಿಡುತ್ತದೆ. ಜೊತೆಗೆ ನೇರಳಾತೀತ ಕಿರಣಗಳ ಕಾಟ ಬೇರೆ. ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯವನ್ನು 1963ರಲ್ಲಿ ತೆರೆದಾಗ ಅದರ ಹೊರಗೋಡೆಗಳಿಗೆ ಕಿಟಕಿಯ ಬದಲು ಸುಮಾರು ಮೂರು ಸೆಂಟಿಮೀಟರ್ ದಪ್ಪದ ಅಮೃತಶಿಲೆಯ ಹಲಗೆಗಳನ್ನು ಕೂರಿಸಿದ್ದರು. ಹೊರಗೆ ಬಿಸಿಲು ಎಷ್ಟೇ ಇದ್ದರೂ ಒಳಗೆ ಕಲ್ಲಿನ ಮೂಲಕ ಸೋಸಿದ ಜೇನುಬಣ್ಣದ ಬೆಳಕಷ್ಟೇ ಇಳಿಯುತ್ತದೆ.

ಪುಟ ಬದಲಿಸುವುದೂ ಖರ್ಚನ್ನು ಹಂಚುವ ಉಪಾಯವೇ. ಒಂದೇ ಪುಟವನ್ನು ವರ್ಷಗಟ್ಟಲೆ ತೆರೆದಿಟ್ಟರೆ ಆ ಪುಟ ಮಾಸುವುದಷ್ಟೇ ಅಲ್ಲ, ಬೈಂಡಿಂಗ್ ಆ ಜಾಗದಲ್ಲೇ ಸಡಿಲಗೊಂಡು, ಪುಸ್ತಕ ಮುಂದೆ ತಾನಾಗಿ ಅಲ್ಲಿಗೇ ತೆರೆದುಕೊಳ್ಳತೊಡಗುತ್ತದೆ. ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿರುವ, ಕ್ರಿ.ಶ. 800ರ ಸುಮಾರಿನ ಕೆಲ್ಸ್ ಗ್ರಂಥವೆಂಬ ಸಚಿತ್ರ ಸುವಾರ್ತೆಗಳ ಹಸ್ತಪ್ರತಿಯನ್ನು 1953ರಲ್ಲಿ ನಾಲ್ಕು ಸಂಪುಟಗಳಾಗಿ ಬೈಂಡ್ ಮಾಡಿದರು. ಇದರಿಂದ ಒಂದು ಸಂಪುಟ ಪ್ರದರ್ಶನದಲ್ಲಿರುವಾಗ ಇನ್ನೊಂದು ಕತ್ತಲೆಯಲ್ಲಿ ವಿಶ್ರಮಿಸಲು ಸಾಧ್ಯವಾಯಿತು.

ಇನ್ನು ತಮ್ಮ ಕಣ್ಣಿನ ವಿಷಯ. ಬಿಸಿಲಿನಿಂದ ನೇರವಾಗಿ ಮಂದ ಬೆಳಕಿನ ಕೋಣೆಗೆ ಕಾಲಿಟ್ಟರೆ ಯಾರಿಗೂ ಏನೂ ಕಾಣಿಸುವುದಿಲ್ಲ. ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ವಯಸ್ಸಾದಂತೆ ಆ ಅವಧಿಯೂ ಹೆಚ್ಚುತ್ತದೆ. ಬಲ್ಲವರು ಬಾಗಿಲಿನಿಂದ ಪೆಟ್ಟಿಗೆಯವರೆಗಿನ ದಾರಿಯಲ್ಲಿ ಬೆಳಕನ್ನು ಹಂತಹಂತವಾಗಿ ಇಳಿಸುತ್ತಾರೆ, ಪರಿಚಯದ ಫಲಕವನ್ನು ಮೊದಲಿಗೇ ಇಟ್ಟು ಅಲ್ಲಿ ಒಂದಷ್ಟು ಹೊತ್ತು ನಿಲ್ಲಿಸುತ್ತಾರೆ, ವಿವರಣೆಯ ಅಕ್ಷರಗಳನ್ನು ದೊಡ್ಡದಾಗಿ ಅಚ್ಚು ಮಾಡಿಸುತ್ತಾರೆ. ತಾವು ನೋಡಿದ ಕಡೆ ಇದಾವುದೂ ಇರಲಿಲ್ಲವಾದರೆ ತಪ್ಪು ಮಂದ ಬೆಳಕಿನದ್ದಲ್ಲ, ಏರ್ಪಾಟಿನದ್ದು. ದೊಡ್ಡ ಅಕ್ಷರದ ವಿವರಣೆಯ ಹಾಳೆಯಿದೆಯೇ ಎಂದು ಮುಂಗಟ್ಟೆಯಲ್ಲಿ ಕೇಳಿ. ಇಲ್ಲವೆಂದರೆ, ಇರಬೇಕೆಂದು ಅಭಿಪ್ರಾಯದ ಪುಸ್ತಕದಲ್ಲಿ ಬರೆದು ಬನ್ನಿ.

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಸಂಸ್ಥಾಪನಾ ದಿನಕ್ಕೆ ಗ್ರಂಥಾಲಯದಲ್ಲಿ ಪ್ರದರ್ಶನ ಏರ್ಪಡಿಸಬೇಕೆಂದು ಸಮಿತಿ ಹೇಳಿದೆ. ಇರುವುದರಲ್ಲೇ ಅತ್ಯಂತ ಹಳೆಯ ನಲವತ್ತು ಪುಸ್ತಕಗಳನ್ನು ಸಾಲಾಗಿ ಇಡಬೇಕೆಂಬುದು ಅವರ ಇಚ್ಛೆ. ಸಹಾಯಕ ಗ್ರಂಥಪಾಲಕಿಯಾದ ನನಗೆ ಇದು ಸರಿ ಎನಿಸುತ್ತಿಲ್ಲ; ಏಕೆಂದು ವಿವರಿಸಲೂ ಬರುತ್ತಿಲ್ಲ.

ಉತ್ತರ: ಹಳೆಯದು ಎಂಬುದು ಒಂದು ವಸ್ತುವಿನ ಗುಣ, ಅದು ಪ್ರದರ್ಶನದ ವಿಷಯವಾಗಲಾರದು ಎಂದು ಸಮಿತಿಗೆ ಹೇಳಿ. ನಲವತ್ತು ಪುಸ್ತಕಗಳು ವಯಸ್ಸಿನ ಕ್ರಮದಲ್ಲಿ ಮಲಗಿರುವುದನ್ನು ನೋಡುವವರು ಮೂರನೆಯದರ ಬಳಿ ನಿಲ್ಲುತ್ತಾರೆ, ಏಳನೆಯದರಿಂದ ಹೆಜ್ಜೆ ಬೀಸಾಗುತ್ತದೆ, ಹನ್ನೆರಡಕ್ಕೆ ಬಾಗಿಲು ಹುಡುಕುತ್ತಾರೆ. ಬೆಳಕಿನ ಇಡುಗಂಟನ್ನು ಖರ್ಚು ಮಾಡುತ್ತಿದ್ದೇವೆ ಎಂದ ಮೇಲೆ ಯಾರೂ ನಿಂತು ನೋಡದ ಇಪ್ಪತ್ತೆಂಟು ಪುಸ್ತಕಗಳಿಗೆ ಆ ಖರ್ಚನ್ನು ಹೊರಿಸುವುದು ನ್ಯಾಯವಲ್ಲ.

ಪ್ರದರ್ಶನಕ್ಕೆ ಒಂದು ಪ್ರಶ್ನೆ ಬೇಕು. ಉದಾಹರಣೆಗೆ, ‘ನಮ್ಮ ಪುಸ್ತಕಗಳನ್ನು ಯಾರು ಓದಿದರು?’ ಎಂದು ಕೇಳಿಕೊಂಡು ಕಪಾಟುಗಳ ನಡುವೆ ಒಂದು ವಾರ ಓಡಾಡಿ ನೋಡಿ. ಮೊದಲ ದಿನದ ದಾಖಲಾತಿ ಪುಸ್ತಕದಲ್ಲಿ ಒಂದನೆಯ ಕ್ರಮಸಂಖ್ಯೆಯ ಮುಂದೆ ಯಾವ ಪುಸ್ತಕದ ಹೆಸರಿದೆ? ಪಠ್ಯಪುಸ್ತಕವೊಂದರ ಕೊನೆಯಲ್ಲಿ ಅಂಟಿಸಿದ ತಾರೀಖಿನ ಚೀಟಿಯಲ್ಲಿ ಒಂದೇ ವರ್ಷದಲ್ಲಿ ಇಪ್ಪತ್ತು ಮುದ್ರೆಗಳು ಬಿದ್ದು, ಮುಂದಿನ ವರ್ಷದಿಂದ ಒಂದೂ ಇಲ್ಲವಾದರೆ ಏನಾಗಿರಬೇಕು? ಪಠ್ಯಕ್ರಮ ಬದಲಾಯಿತೇ, ಸಿದ್ಧಾಂತ ಬಿದ್ದುಹೋಯಿತೇ? ಇನ್ನೊಂದು ಪುಸ್ತಕದ ಹಾಳೆಗಳು ಅಂಚಿನಲ್ಲಿ ಇನ್ನೂ ಕೂಡಿಕೊಂಡೇ ಇರಬಹುದು. ಹಿಂದೆ ಮಡಿಸಿದ ಹಾಳೆಗಳನ್ನು ಕತ್ತರಿಸದೆಯೇ ಬೈಂಡ್ ಮಾಡಿ ಮಾರುತ್ತಿದ್ದರು. ಓದುವವನೇ ಚಾಕು ಹಿಡಿದು ಸೀಳಿಕೊಳ್ಳಬೇಕಿತ್ತು. ನೂರು ವರ್ಷ ಕಪಾಟಿನಲ್ಲಿದ್ದೂ ಹಾಳೆ ಸೀಳಿಲ್ಲವೆಂದರೆ ಆ ಪುಸ್ತಕವನ್ನು ಒಬ್ಬರೂ ಪೂರ್ತಿ ಓದಿಲ್ಲವೆಂದೇ ಅರ್ಥ. ಅಂಥದೊಂದನ್ನು ಮೊದಲ ಪೆಟ್ಟಿಗೆಯಲ್ಲಿಟ್ಟರೆ ಯಾವ ಬಂಗಾರದ ರಟ್ಟಿನ ಪುಸ್ತಕಕ್ಕಿಂತಲೂ ಹೆಚ್ಚು ಜನ ಅದರ ಮುಂದೆ ನಿಲ್ಲುತ್ತಾರೆ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ 600ನೆಯ ವರ್ಷವನ್ನು 2016ರಲ್ಲಿ ಆಚರಿಸಿತು. ಬೇಕೆಂದಿದ್ದರೆ ಆರು ಶತಮಾನಗಳನ್ನು ಸಾಲಾಗಿ ಜೋಡಿಸಬಹುದಿತ್ತು. ನ್ಯೂಟನ್ ಮತ್ತು ಡಾರ್ವಿನ್ ಅವರ ಕಾಗದಪತ್ರಗಳಿರುವ ಸಂಗ್ರಹ ಅದು. ಆದರೆ ಗುರುತ್ವ, ವಿಕಾಸ, ದೇಹರಚನೆ, ಸಂವಹನ ಹೀಗೆ ಒಂದೊಂದು ಚಿಂತನೆಯ ಎಳೆಯನ್ನು ಹಿಡಿದು, ಅದು ಕಾಲದಿಂದ ಕಾಲಕ್ಕೆ ಹೇಗೆ ಸಾಗಿತೆಂದು ತೋರಿಸುವ ದಾರಿಯನ್ನು ಅವರು ಆರಿಸಿಕೊಂಡರು. ತಮ್ಮ ಗ್ರಂಥಾಲಯದಲ್ಲಿ ಅಷ್ಟು ದೊಡ್ಡ ಹೆಸರುಗಳಿಲ್ಲ ಎಂದು ಅಳುಕಬೇಡಿ. ಒಂದು ಸಣ್ಣ ಕೊಠಡಿಗೆ ಹನ್ನೆರಡರಿಂದ ಹದಿನೈದು ವಸ್ತುಗಳು ಧಾರಾಳವಾಯಿತು.

ಸಮಿತಿಯನ್ನು ಒಪ್ಪಿಸುವ ಸುಲಭ ದಾರಿ ಒಂದಿದೆ. ಪ್ರತಿ ವಸ್ತುವಿನ ಮುಂದೆ ‘ಇದು ಇಲ್ಲದಿದ್ದರೆ ಯಾವ ಮಾತು ಹೇಳದೆ ಉಳಿಯುತ್ತದೆ?’ ಎಂದು ಒಂದು ಸಾಲು ಬರೆಯಲು ಸದಸ್ಯರನ್ನೇ ಕೇಳಿ. ಪಟ್ಟಿ ತನ್ನಷ್ಟಕ್ಕೆ ಇಳಿಯುತ್ತದೆ.

ಪ್ರಶ್ನೆ: ಹೊಸ ಪ್ರದರ್ಶನ ಪೆಟ್ಟಿಗೆಗಳನ್ನು ಗಟ್ಟಿ ಮರದಲ್ಲಿ ಮಾಡಿಸಿ, ವಾರ್ನಿಷ್ ಹಚ್ಚಿಸಿ, ಒಳಗೆ ಮಖಮಲ್ಲು ಹಾಸಿದ್ದೇವೆ. ಬಾಗಿಲು ತೆರೆದರೆ ಮರದ ವಾಸನೆ ಘಮ್ಮೆನ್ನುತ್ತದೆ. ಸಂರಕ್ಷಣಾ ತಜ್ಞರೊಬ್ಬರು ಬಂದು ಮೂಸಿ ನೋಡಿ ‘ಇದರಲ್ಲಿ ಏನನ್ನೂ ಇಡಬೇಡಿ’ ಎಂದುಬಿಟ್ಟರು. ಇದು ಅತಿಯಲ್ಲವೇ?

ಉತ್ತರ: ಅತಿಯಲ್ಲ. ಆ ಘಮ್ಮೆನ್ನುವ ವಾಸನೆಯೇ ತಕರಾರು. ಮರದಿಂದ, ಅದರಲ್ಲೂ ಓಕ್‌ನಂಥ ಮರಗಳಿಂದ, ಅಸಿಟಿಕ್ ಆಮ್ಲದಂಥ ಆವಿಗಳು ವರ್ಷಗಟ್ಟಲೆ ಹೊರಬರುತ್ತವೆ; ಪ್ಲೈವುಡ್ಡಿನ ಅಂಟು, ವಾರ್ನಿಷ್, ಬಣ್ಣ, ಬಟ್ಟೆಯ ಬಣ್ಣಗಾರಿಕೆಗಳಿಂದ ಬರುವುದು ಬೇರೆ. ಬಯಲಲ್ಲಿ ಇವು ಚದುರಿಹೋಗುತ್ತವೆ. ಧೂಳು ಬಾರದಿರಲೆಂದು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಹಾಗಲ್ಲ. ಪುಸ್ತಕ ಹಗಲಿರುಳೂ ಆ ಆವಿಯಲ್ಲೇ ಕುಳಿತಿರುತ್ತದೆ. ಕಾಗದ ಆಮ್ಲೀಯವಾಗುತ್ತದೆ, ಲೋಹದ ಕೊಂಡಿಗಳು ಕಿಲುಬು ಹಿಡಿಯುತ್ತವೆ.

ಪೆಟ್ಟಿಗೆಗೆ ಬಳಸುವ ಸಾಮಗ್ರಿಯನ್ನು ಮೊದಲೇ ಪರೀಕ್ಷಿಸುವ ಒಂದು ವಿಧಾನವನ್ನು ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ವಿವರಿಸಿದರು. ಅವರ ಹೆಸರಿನಲ್ಲೇ ಅದು ಇಂದಿಗೂ ಬಳಕೆಯಲ್ಲಿದೆ. ಮರದ ಚೂರನ್ನೋ ಬಟ್ಟೆಯ ತುಂಡನ್ನೋ ಬೆಳ್ಳಿ, ತಾಮ್ರ, ಸೀಸದ ಪುಟ್ಟ ತಗಡುಗಳ ಜೊತೆ, ಒಂದಿಷ್ಟು ನೀರಿನೊಂದಿಗೆ, ಗಾಜಿನ ಕೊಳವೆಯಲ್ಲಿ ಬಿಗಿಯಾಗಿ ಮುಚ್ಚಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಡುತ್ತಾರೆ. ಬೆಳ್ಳಿ ಕಪ್ಪಾದರೆ ಗಂಧಕದ ಆವಿಯಿದೆಯೆಂದು, ಸೀಸದ ಮೇಲೆ ಬಿಳಿಪುಡಿ ಕಟ್ಟಿದರೆ ಆಮ್ಲವಿದೆಯೆಂದು ತಿಳಿಯುತ್ತದೆ. ತಮ್ಮ ತಜ್ಞರ ಮೂಗು ಇಪ್ಪತ್ತೆಂಟು ದಿನದ ಕೆಲಸವನ್ನು ಒಂದೇ ಉಸಿರಿನಲ್ಲಿ ಮಾಡಿದೆ, ಅಷ್ಟೆ. ಈಗ ಮಾಡಬಹುದಾದದ್ದು: ಮಖಮಲ್ಲನ್ನು ತೆಗೆದು, ಮರದ ಒಳಮೈಗೆ ಆವಿಯನ್ನು ತಡೆಯುವ ಲೋಹದ ಪದರವಿರುವ ಹಾಳೆಯನ್ನು ಹೊದಿಸಿ, ಅದರ ಮೇಲೆ ತೊಳೆದ, ಬಣ್ಣ ಹಾಕದ ಹತ್ತಿಬಟ್ಟೆ ಹಾಸಿ, ಕೆಲವು ವಾರ ಬಾಗಿಲು ತೆರೆದು ಗಾಳಿಗೆ ಬಿಡಿ. ಮುಂದಿನ ಬಾರಿ ಬಣ್ಣ ಲೇಪಿಸಿ ಕುಲುಮೆಯಲ್ಲಿ ಸುಟ್ಟ ಲೋಹ ಮತ್ತು ಗಾಜಿನಲ್ಲೇ ಮಾಡಿಸಿ.

ಪ್ರಶ್ನೆ: ವಿಷಯತಜ್ಞರಾದ ಪ್ರಾಧ್ಯಾಪಕರು ಪ್ರತಿ ವಸ್ತುವಿಗೆ ನಾನೂರು ಪದಗಳ ವಿವರಣೆ ಬರೆದುಕೊಟ್ಟಿದ್ದಾರೆ. ಕಡಿಮೆ ಮಾಡಿ ಎಂದರೆ ವಿದ್ವತ್ತಿಗೆ ಅಪಚಾರ ಎನ್ನುತ್ತಾರೆ. ಎಷ್ಟಿರಬೇಕು?

ಉತ್ತರ: ಐವತ್ತರಿಂದ ಎಪ್ಪತ್ತೈದು ಪದಗಳು. ನಿಂತುಕೊಂಡು, ಮಂದ ಬೆಳಕಿನಲ್ಲಿ, ಹಿಂದೆ ಇನ್ನೊಬ್ಬರು ಕಾಯುತ್ತಿರುವಾಗ ಓದಬೇಕಾದ ಬರಹ ಅದು. ಪ್ರಾಧ್ಯಾಪಕರ ನಾನೂರು ಪದಗಳಿಗೆ ಕಿರುಹೊತ್ತಗೆಯಲ್ಲಿ ಜಾಗ ಕೊಡಿ. ಅಪಚಾರದ ಮಾತು ಅಲ್ಲಿಗೆ ನಿಲ್ಲುತ್ತದೆ.

ಆದರೆ ಪದಗಳ ಸಂಖ್ಯೆಗಿಂತ ದೊಡ್ಡ ತೊಂದರೆ ಬೇರೆ. ಬಹಳಷ್ಟು ವಿವರಣೆಗಳು ಎದುರಿಗಿರುವ ವಸ್ತುವನ್ನು ಬಿಟ್ಟು ವಿಶ್ವಕೋಶವನ್ನು ಓದಿಸುತ್ತವೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಳೆಯ ವೈದ್ಯಗ್ರಂಥವೊಂದು ತೆರೆದಿದೆ. ಸಾಮಾನ್ಯವಾಗಿ ಕಾಣುವ ವಿವರಣೆ ಹೀಗಿರುತ್ತದೆ: ‘17ನೆಯ ಶತಮಾನದ ಅಪರೂಪದ ವೈದ್ಯಕೀಯ ಗ್ರಂಥ. ಚರ್ಮದ ರಟ್ಟು. 412 ಪುಟಗಳು. ಆ ಕಾಲದ ವೈದ್ಯಶಾಸ್ತ್ರದ ಮೇಲೆ ಬೆಳಕು ಚೆಲ್ಲುತ್ತದೆ.’ ಇದನ್ನು ಓದಿದವರು ಪುಸ್ತಕದ ಕಡೆ ತಿರುಗಿಯೂ ನೋಡುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಬಲಪುಟದ ಅಂಚನ್ನು ನೋಡಿ. ಅಚ್ಚಾಗಿರುವ ಔಷಧಿಯ ಪ್ರಮಾಣವನ್ನು ಓದುಗನೊಬ್ಬ ಹೊಡೆದುಹಾಕಿ ಅರ್ಧಕ್ಕೆ ಇಳಿಸಿದ್ದಾನೆ. ಅದರ ಕೆಳಗೆ ಬೇರೊಂದು ಕೈಬರಹ, ಬೇರೆ ಶಾಯಿ: ಇದೂ ಹೆಚ್ಚಾಯಿತು.’ ನೋಡುವವರ ಕಣ್ಣು ಕೂಡಲೇ ಆ ಅಂಚಿಗೆ ಹೋಗುತ್ತದೆ, ಆ ಇಬ್ಬರು ವೈದ್ಯರ ರೋಗಿಗಳು ಏನಾದರೋ ಎಂಬ ಕುತೂಹಲವೂ ಹುಟ್ಟುತ್ತದೆ. ಶತಮಾನ, ರಟ್ಟು, ಪುಟಸಂಖ್ಯೆಗಳನ್ನು ಕೊನೆಯಲ್ಲಿ ಸಣ್ಣದೊಂದು ಸಾಲಿಗೆ ಇಳಿಸಿ.

ಇನ್ನೆರಡು ಮಾತು. ಪೆಟ್ಟಿಗೆಯಲ್ಲಿರುವುದು ಮೂಲವಲ್ಲದೆ ನಕಲು ಪ್ರತಿಯಾಗಿದ್ದರೆ ಅದನ್ನು ವಿವರಣೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಜನ ನಕಲನ್ನು ಕ್ಷಮಿಸುತ್ತಾರೆ, ಮರೆಮಾಚಿದ್ದನ್ನು ಕ್ಷಮಿಸುವುದಿಲ್ಲ. ಹಾಗೆಯೇ ಎಲ್ಲವೂ ಸಿದ್ಧವಾದ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತು ಒಂದು ಸುತ್ತು ಬನ್ನಿ. ಕುಳಿತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ನಿಂತವರಿಗೆ ಚೆನ್ನಾಗಿ ಕಾಣುವ ಚಪ್ಪಟೆ ಪೆಟ್ಟಿಗೆ ಅವರಿಗೆ ಬರೀ ಗಾಜಿನ ಹೊಳಪಾಗಿ ಕಾಣಬಹುದು.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಗ್ರಂಥಾಲಯದಲ್ಲಿ ವಾರಕ್ಕೊಂದು ಕಾರ್ಯಕ್ರಮ. ಮೈಕು, ಚಪ್ಪಾಳೆ, ಕುರ್ಚಿ ಎಳೆಯುವ ಸದ್ದು ಓದುವ ಕೋಣೆಗೇ ಬರುತ್ತದೆ. ಗ್ರಂಥಾಲಯ ಇರುವುದು ಓದುವುದಕ್ಕೋ ಸಭೆಗೋ?

ಉತ್ತರ: ಓದುವುದಕ್ಕೆ. ಈ ಮಾತಿನಲ್ಲಿ ರಾಜಿಯಿಲ್ಲ. ಸಾರ್ವಜನಿಕ ಕಾರ್ಯಕ್ರಮಗಳು ಒಳ್ಳೆಯವು, ವಿಶ್ವವಿದ್ಯಾಲಯದ ಗೋಡೆಯಾಚೆಗಿನವರು ಒಳಗೆ ಬರಲು ಅವೇ ನೆಪವಾಗುತ್ತವೆ. ಆದರೆ ಓದುಗರನ್ನು ಎಬ್ಬಿಸಿ ಮಾಡುವ ಸಭೆ ಗ್ರಂಥಾಲಯದ ಸಭೆಯಾಗಲಾರದು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ತನ್ನ ಹಳೆಯ ಕಟ್ಟಡವೊಂದನ್ನು ನವೀಕರಿಸಿ 2015ರಲ್ಲಿ ವೆಸ್ಟನ್ ಗ್ರಂಥಾಲಯವೆಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆದಾಗ ಈ ಗಂಟನ್ನು ಕಟ್ಟಡದ ವಿನ್ಯಾಸದಲ್ಲೇ ಬಿಡಿಸಿಕೊಂಡಿತು: ರಸ್ತೆಯಿಂದ ನೇರವಾಗಿ ಬರಬಹುದಾದ ನೆಲಮಹಡಿಯ ದೊಡ್ಡ ಹಜಾರ ಮತ್ತು ಪ್ರದರ್ಶನ ಕೊಠಡಿಗಳು ಗುರುತಿನ ಚೀಟಿಯಿಲ್ಲದವರಿಗೂ ಮುಕ್ತ, ವಾಚನಾಲಯಗಳು ಬೇರೆ, ಅಲ್ಲಿಗೆ ಓದುಗರ ಚೀಟಿ ಬೇಕು. (ಅದೇ ಕಟ್ಟಡವನ್ನು 1946ರಲ್ಲಿ ಮೊದಲ ಸಲ ವಿಧ್ಯುಕ್ತವಾಗಿ ತೆರೆಯಲು ಬಂದ ದೊರೆ ಆರನೆಯ ಜಾರ್ಜ್ ಬೀಗಕ್ಕೆ ಹಾಕಿದ ಬೆಳ್ಳಿಯ ಕೀಲಿ ಬೀಗದಲ್ಲೇ ಮುರಿದುಹೋಯಿತು. ಉದ್ಘಾಟನಾ ಸಮಾರಂಭಗಳ ಬಗ್ಗೆ ನನಗಿರುವ ಅಪನಂಬಿಕೆಗೆ ಇದೊಂದು ಆಧಾರ.)

ಎಲ್ಲರಿಗೂ ಅಂಥ ಕಟ್ಟಡ ಇರುವುದಿಲ್ಲ. ವೇಳಾಪಟ್ಟಿಯಿಂದಲೇ ಅರ್ಧ ಕೆಲಸವಾಗುತ್ತದೆ. ಪರೀಕ್ಷೆಯ ವಾರಗಳಲ್ಲಿ ಕಾರ್ಯಕ್ರಮ ಕೂಡದು. ಓದುವ ಕೋಣೆಗೆ ಹೊಂದಿಕೊಂಡ ಜಾಗದಲ್ಲಿ ಮೈಕು ಕೂಡದು. ಇಡೀ ತಿಂಗಳ ಪಟ್ಟಿಯನ್ನು ಮುಂಚಿತವಾಗಿ ಬಾಗಿಲಲ್ಲಿ ಅಂಟಿಸಬೇಕು. ಮತ್ತೊಂದು ಸಂಗತಿಯನ್ನು ಕಾರ್ಯಕ್ರಮ ನಡೆಸುವವರು ಯೋಚಿಸಬೇಕು. ಇನ್ನೂರು ಜನ ಕೇಳುವ ಉಪನ್ಯಾಸ ಯಾವ ಸಭಾಂಗಣದಲ್ಲಾದರೂ ನಡೆಯಬಹುದು. ಹತ್ತು ಜನ ಮೇಜಿನ ಸುತ್ತ ಕುಳಿತು, ತೊಳೆದು ಒರೆಸಿಕೊಂಡ ಕೈಯಿಂದ ಹಳೆಯ ಪುಸ್ತಕವೊಂದರ ಹಾಳೆ ಮುಟ್ಟಿ, ಬೆಳಕಿಗೆ ಹಿಡಿದು ಅದರೊಳಗಿನ ನೀರಚ್ಚನ್ನು ನೋಡುವ ಕಮ್ಮಟ ಮಾತ್ರ ಗ್ರಂಥಾಲಯದಲ್ಲೇ ಆಗಬೇಕು, ಮತ್ತು ಅದರಿಂದ ಸದ್ದೂ ಬರುವುದಿಲ್ಲ.

ಪ್ರಶ್ನೆ: ನಮ್ಮ ಪ್ರದರ್ಶನಕ್ಕೆ ಇನ್ನೊಂದು ವಿಶ್ವವಿದ್ಯಾಲಯದಿಂದ ಒಂದೇ ಒಂದು ಹಸ್ತಪ್ರತಿ ಎರವಲು ಕೇಳಿದೆವು. ಅವರು ಕೇಳಿದ ಕಾಗದಪತ್ರಗಳೇ ಹಸ್ತಪ್ರತಿಗಿಂತ ದಪ್ಪವಾಗಿವೆ. ಇಷ್ಟು ಅಪನಂಬಿಕೆ ಏಕೆ?

ಉತ್ತರ: ಅದನ್ನು ಅಪನಂಬಿಕೆ ಎಂದು ತಿಳಿಯಬೇಡಿ. ಕೊಠಡಿಯ ಉಷ್ಣಾಂಶ ಮತ್ತು ತೇವಾಂಶದ ದಾಖಲೆ, ಬೀಗ ಮತ್ತು ಕಾವಲಿನ ವಿವರ, ಬೆಂಕಿ ಆರಿಸುವ ವ್ಯವಸ್ಥೆ, ವಸ್ತು ತನ್ನ ಕಪಾಟು ಬಿಟ್ಟ ಗಳಿಗೆಯಿಂದ ಮತ್ತೆ ಅದೇ ಕಪಾಟು ಸೇರುವವರೆಗಿನ ವಿಮೆ: ಇವೆಲ್ಲ ಎಲ್ಲ ಕಡೆ ಕೇಳುವಂಥವೇ. 2000ದಲ್ಲಿ ಮೇಲೆ ಹೇಳಿದ ಕೆಲ್ಸ್ ಗ್ರಂಥದ ಒಂದು ಸಂಪುಟವನ್ನು ಪ್ರದರ್ಶನಕ್ಕೆಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಕಳುಹಿಸಿದಾಗ, ಸಾಕಷ್ಟು ಎಚ್ಚರ ವಹಿಸಿದ್ದರೂ, ಬಣ್ಣಕ್ಕೆ ಅಲ್ಪ ಹಾನಿಯಾಯಿತು. ವಿಮಾನದ ಎಂಜಿನಿನ ಕಂಪನವೇ ಕಾರಣವಿರಬೇಕೆಂದು ಭಾವಿಸಲಾಯಿತು. ಕಾವಲಿನ ವಿಷಯಕ್ಕೆ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಗ್ರಂಥಾಲಯದ ನಿದರ್ಶನವಿದೆ. ಆರನೆಯ ಶತಮಾನದ ‘ಬೆಳ್ಳಿ ಬೈಬಲ್’ ಹಸ್ತಪ್ರತಿಯ ಪ್ರದರ್ಶನದಲ್ಲಿದ್ದ ಭಾಗ 1995ರಲ್ಲಿ ಹಾಡಹಗಲೇ ಕಳುವಾಗಿ, ಒಂದು ತಿಂಗಳ ನಂತರ ಸ್ಟಾಕ್‌ಹೋಮ್ ರೈಲು ನಿಲ್ದಾಣದ ಸಾಮಾನಿನ ಪೆಟ್ಟಿಗೆಯಲ್ಲಿ ಸಿಕ್ಕಿತು.

ಆ ಕಾಗದಗಳಲ್ಲಿ ತಾವು ಮನಸ್ಸಿಟ್ಟು ಮಾಡಬೇಕಾದದ್ದು ಸ್ಥಿತಿವರದಿಯನ್ನು. ಹಸ್ತಪ್ರತಿ ಬಂದ ದಿನ ಎರಡೂ ಕಡೆಯವರು ಜೊತೆಗೆ ಕುಳಿತು, ಪ್ರತಿ ಹರಿವು, ಕಲೆ, ಹುಳು ಕೊರೆದ ತೂತುಗಳನ್ನು ಫೋಟೋ ಸಹಿತ ಬರೆದು ಸಹಿ ಮಾಡಿ. ಒಮ್ಮೆ ನಾನಿದ್ದ ಕಡೆ, ಹಿಂತಿರುಗಿಸುವ ದಿನ ಹಾಳೆಯ ಮೂಲೆಯೊಂದರಲ್ಲಿ ಮಡಿಕೆ ಕಂಡು ಇಬ್ಬರ ಮುಖವೂ ಬಿಳಿಚಿಕೊಂಡಿತ್ತು. ಬಂದ ದಿನದ ಫೋಟೋದಲ್ಲಿ ಅದೇ ಮಡಿಕೆ ಸಿಕ್ಕ ಮೇಲೆ ಎಲ್ಲರೂ ಉಸಿರು ಬಿಟ್ಟರು.

ಪ್ರಶ್ನೆ: ಉದ್ಘಾಟನೆಯ ದಿನ ಪ್ರದರ್ಶನ ಕೊಠಡಿಯಲ್ಲೇ ಹೂಗುಚ್ಛ, ಉಪಾಹಾರ ಇಡಬಹುದೇ?

ಉತ್ತರ: ಬೇಡ. ಚೆಲ್ಲಿದ ಪಾನೀಯಕ್ಕಿಂತ ಬಿದ್ದ ತುಣುಕುಗಳ ಭಯ ಹೆಚ್ಚು. ಅವು ಹುಳುಗಳನ್ನು ಕರೆಯುತ್ತವೆ, ಹೂವಿನೊಡನೆ ಅವು ತಾವೇ ಬರುತ್ತವೆ. ಹುಳು ಬಂದಮೇಲಿನ ಪಾಡನ್ನು ಬೈನೆಕಿ ಗ್ರಂಥಾಲಯ 1977ರಲ್ಲಿ ಅನುಭವಿಸಿತು. ಕೊರೆಯುವ ಜೀರುಂಡೆಗಳನ್ನು ಕೊಲ್ಲಲು ಪುಸ್ತಕಗಳನ್ನು ಚೀಲದಲ್ಲಿ ಕಟ್ಟಿ ಮೈನಸ್ 36 ಡಿಗ್ರಿ ಸೆಲ್ಸಿಯಸ್ ಸುಮಾರಿನ ಚಳಿಯಲ್ಲಿ ಮೂರು ದಿನ ಹೆಪ್ಪುಗಟ್ಟಿಸಬೇಕಾಯಿತು. ಉಪಾಹಾರವನ್ನು ಬೇರೆ ಕೋಣೆಯಲ್ಲಿ, ನೋಡಿ ಮುಗಿದ ಮೇಲೆ ಇಡಿ.

ಪ್ರಶ್ನೆ: ಫೋಟೋ ತೆಗೆಯಬೇಡಿ ಎಂದು ಕಾವಲುಗಾರರು ಗದರುತ್ತಾರೆ. ಒಂದು ಫ್ಲ್ಯಾಷಿನಿಂದ ಪುಸ್ತಕ ಹಾಳಾಗುತ್ತದೆಯೇ?

ಉತ್ತರ: ಒಂದು ಫ್ಲ್ಯಾಷಿನಿಂದ ಆಗುವ ಹಾನಿ ಲೆಕ್ಕಕ್ಕೆ ಬಾರದಷ್ಟು. ಆದರೆ ಗಾಜಿಗೆ ಬಡಿದ ಫ್ಲ್ಯಾಷ್ ಅಕ್ಕಪಕ್ಕದವರ ಕಣ್ಣು ಕುಕ್ಕುತ್ತದೆ, ಚಿತ್ರವೂ ಬಿಳಿ ಮಚ್ಚೆಯಾಗಿ ಬರುತ್ತದೆ. ಫ್ಲ್ಯಾಷ್ ಇಲ್ಲದೆ ತೆಗೆಯಲು ಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಎರವಲು ತಂದ ವಸ್ತುಗಳಿಗೆ ಅಥವಾ ಹಕ್ಕುಸ್ವಾಮ್ಯದ ತೊಡಕಿರುವವಕ್ಕೆ ಮಾತ್ರ ನಿಷೇಧ ಸಾಕು, ಅದನ್ನೂ ಗದರಿ ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ ಲೇಖಕರು ಬರೆದ ಪತ್ರಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟೆವು. ಅವರು ಪ್ರದರ್ಶನದಲ್ಲಿಟ್ಟರು, ಸಂತೋಷವಾಯಿತು. ಈಗ ಅಂತರಜಾಲದಲ್ಲೂ ಹಾಕುತ್ತೇವೆ ಎನ್ನುತ್ತಾರೆ. ನಮ್ಮ ಒಪ್ಪಿಗೆ ಸಾಕೇ?

ಉತ್ತರ: ಬಹುಶಃ ಸಾಲದು. ಪತ್ರದಲ್ಲಿ ಎರಡು ಆಸ್ತಿಗಳಿವೆ. ಕಾಗದದ ಒಡೆತನ ಅದನ್ನು ಪಡೆದ ತಮ್ಮ ತಂದೆಯವರದ್ದಾಗಿತ್ತು, ಈಗ ಗ್ರಂಥಾಲಯದ್ದು. ಅದರಲ್ಲಿರುವ ಬರಹದ ಹಕ್ಕು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಅಂಚೆಗೆ ಹಾಕಿದ ಮಾತ್ರಕ್ಕೆ ಅದು ಕೈಬದಲಾಗುವುದಿಲ್ಲ. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ ಈ ಹಕ್ಕು ಲೇಖಕರ ಮರಣಾನಂತರ ಕನಿಷ್ಠ 50 ವರ್ಷ ಉಳಿಯಬೇಕು. ಕೆಲವು ದೇಶಗಳು ಅದನ್ನು 60, 70 ವರ್ಷಗಳಿಗೆ ಏರಿಸಿವೆ. ಪೆಟ್ಟಿಗೆಯಲ್ಲಿ ಮೂಲಪತ್ರವನ್ನು ಇಡುವುದಕ್ಕೂ ಅದರ ಪ್ರತಿ ಮಾಡಿ ಲೋಕಕ್ಕೆಲ್ಲ ಹಂಚುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಗ್ರಂಥಾಲಯ ಲೇಖಕರ ವಾರಸುದಾರರನ್ನು ಹುಡುಕಿ ಲಿಖಿತ ಒಪ್ಪಿಗೆ ಪಡೆಯಬೇಕು. ಕಾನೂನಿನಾಚೆಗೆ ಇನ್ನೊಂದು ಸಂಗತಿಯೂ ಇದೆ: ಆ ಪತ್ರಗಳಲ್ಲಿ ಮೂರನೆಯವರ ಕಾಯಿಲೆ, ಸಾಲ, ಸಂಸಾರದ ಮಾತುಗಳಿದ್ದರೆ ಅವನ್ನು ಒಮ್ಮೆ ಕೂಲಂಕಷವಾಗಿ ಓದಿ, ಯಾವುವನ್ನು ಸದ್ಯಕ್ಕೆ ತೆರೆಯಬಾರದೆಂದು ದಾನಪತ್ರದಲ್ಲೇ ಸೇರಿಸಿಕೊಳ್ಳಿ.

ಪ್ರಶ್ನೆ: ಪ್ರದರ್ಶನ ಮುಗಿಯಿತು. ಬಂದವರ ಸಂಖ್ಯೆ ಕಡಿಮೆಯೆಂದು ಆಡಳಿತದವರು ಮುಖ ಸಿಂಡರಿಸಿದ್ದಾರೆ. ಇದರ ಸಾರ್ಥಕತೆಯನ್ನು ಹೇಗೆ ತೋರಿಸುವುದು?

ಉತ್ತರ: ಬಾಗಿಲಿನ ಎಣಿಕೆಯಂತ್ರಕ್ಕೆ ಬಿಸಿನೀರಿಗೆಂದು ಹಾದುಹೋದವರೂ ಒಂದೇ, ಒಂದು ಗಂಟೆ ನಿಂತವರೂ ಒಂದೇ. ಬೇರೆ ಸಾಕ್ಷ್ಯಗಳನ್ನು ಒಟ್ಟುಮಾಡಿ. ಯಾವ ಯಾವ ತರಗತಿಗಳು ಪಾಠಕ್ಕೆಂದು ಬಂದವು? ಪ್ರದರ್ಶನದಲ್ಲಿ ನೋಡಿದ ಪುಸ್ತಕವನ್ನು ಆಮೇಲೆ ಓದಲು ಕೇಳಿ ಬಂದವರೆಷ್ಟು? ವಿವರಣೆಯಲ್ಲಿ ತಪ್ಪು ತೋರಿಸಿ ಬರೆದವರಿದ್ದಾರೆಯೇ? ಹಾಗೆ ಬರೆಯುವವರು ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ನೋಡಿದವರು. ಅವರಿಗೆ ಧನ್ಯವಾದ ಹೇಳಿ, ಸೂಚಿಯಲ್ಲಿ ತಪ್ಪನ್ನು ತಿದ್ದಿ. ಅಂತರಜಾಲದ ಆವೃತ್ತಿಯನ್ನು ಮಾಡಿದ್ದರೆ ಅದು ಬೆಳಕಿನ ಖರ್ಚಿಲ್ಲದೆ ಎಷ್ಟು ವರ್ಷ ಬೇಕಾದರೂ ತೆರೆದಿರುತ್ತದೆ, ಕೊಠಡಿಯಲ್ಲಿ ಮುಚ್ಚಿದ್ದ ಪುಟಗಳನ್ನೂ ಅಲ್ಲಿ ತೋರಿಸಬಹುದು. ಪುಸ್ತಕದ ನಿಜವಾದ ಅಳತೆಯನ್ನು ಮಾತ್ರ ಅದು ಹೇಳಲಾರದು, ಆದ್ದರಿಂದ ಚಿತ್ರದ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇರಲಿ.

ಮುಖ ಸಿಂಡರಿಸಿದವರಿಗೆ ಉತ್ತರ ಕೊಡುವ ಮುಂಚೆ ಇನ್ನೊಂದು ಕೆಲಸ ಬಾಕಿಯಿದೆ. ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ದಿನವೇ ಒಂದು ದಪ್ಪ ನೋಟುಪುಸ್ತಕದಲ್ಲಿ ಪ್ರತಿಯೊಂದರ ಹೆಸರು, ತೆರೆದಿಟ್ಟ ಪುಟದ ಸಂಖ್ಯೆ, ಎಷ್ಟು ದಿನ, ಎಷ್ಟು ಲಕ್ಸ್ ಎಂದು ಬರೆದು ಮೊತ್ತ ಹಾಕಿಡಿ. ಐದು ವರ್ಷದ ನಂತರ ಬೇರೊಬ್ಬ ಗ್ರಂಥಪಾಲಕರು ಅದೇ ಪುಸ್ತಕವನ್ನು ಪೆಟ್ಟಿಗೆಗೆ ಇಳಿಸುವ ಮುನ್ನ ಯಾವ ಪುಟವನ್ನು ತೆರೆಯಬಾರದೆಂದು ತಿಳಿಯಲು ಅವರಿಗೆ ಆ ಸಾಲನ್ನು ಬಿಟ್ಟರೆ ಬೇರೆ ದಾರಿಯಿರುವುದಿಲ್ಲ.